ಏಳು ರಾತ್ರಿ ಎಲ್ಲಿ?

ಭಾವನದು ಕ್ಲಬ್ ಮಹೀಂದ್ರಾ ಅನ್ನೋ ರೆಸಾರ್ಟ್ ಕಂಪನಿಯ ಸದಸ್ಯತ್ವ. 25 ವರ್ಷದವರೆಗೆ, ವರ್ಷಕ್ಕೆ ಏಳು ರಾತ್ರಿ ಅದರ ರೆಸಾರ್ಟುಗಳಲ್ಲಿ ಇರಬಹುದು. ಹೊಸ ರೆಸಾರ್ಟ್ ಕಟ್ಟಿದರೆ ಕಾಡಿನ ಪಕ್ಕವೇ ಕಟ್ಟಬೇಕು ಅಂತ ಅವರ ಹಟ. ಅಕ್ಕ ಒಪ್ಪುವುದಿಲ್ಲ. "ಮಡಿಕೇರಿಯಲ್ಲಿದೆ, ವಿರಾಜಪೇಟೆಯಲ್ಲಿದೆ. ಇನ್ನೆಷ್ಟು ಮಂಜು ನೋಡ್ತೀರಿ? ಮೈಸೂರಿನಂಥ ಊರೊಳಗೆ ಒಂದಿರಲಿ. ಸಂಜೆ ದೇವರಾಜ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ ತರಬಹುದು, ಭಾನುವಾರ ಅರಮನೆ ದೀಪ ನೋಡಬಹುದು."

ಭಾವನ ಮಾತಲ್ಲೂ ಹುರುಳಿದೆ. ಊರಿಗೆ ನಾವು ಹೋಗುವುದು ಮದುವೆಗೋ ಕೆಲಸಕ್ಕೋ, ಎರಡು ರಾತ್ರಿಗೆ. ಅದಕ್ಕೆ ಲಾಡ್ಜ್ ಸಾಕು. ವಾರಗಟ್ಟಲೆ ಸುಮ್ನೆ ಕೂರೋಕೆ ಮರ, ಮಳೆ ಬೇಕು. ಆದರೆ ಆ ಮಳೆಯಲ್ಲಿ ಕಾಲುಚೀಲ ಒಣಗಲ್ಲ. ಅದನ್ನು ಹೇರ್ ಡ್ರೈಯರ್ ಹಿಡಿದು ಒಣಗಿಸುವವಳು ಅಕ್ಕ!

ನನ್ನ ವೋಟು ಅಕ್ಕನಿಗೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದ ಮೇಲೂ ಇನ್ನೊಂದು ಗುಡ್ಡ ಕೊರೆದು, ಈಜುಕೊಳ ಮಾಡಿ, ಅದನ್ನೇ ಪ್ರಕೃತಿ ಅಂತ ಮಾರೋದು ಯಾಕೋ ಸರಿ ಕಾಣಲ್ಲ. ಊರಲ್ಲಾದರೆ ರಸ್ತೆ, ನೀರು, ಚರಂಡಿ ಮೊದಲೇ ಇರುತ್ತೆ. ಮಂಡಿನೋವಿನ ಅತ್ತೆಗೆ ಡಾಕ್ಟರೂ ಹತ್ತಿರ.

ಇಷ್ಟೆಲ್ಲ ಹೇಳಿದರೂ ಭಾವ ಈಗ ಸಕಲೇಶಪುರದ ಹೆಸರು ತೆಗೆದಿದ್ದಾರೆ. ಅಕ್ಕ ಟಿವಿ ಸೌಂಡ್ ಜಾಸ್ತಿ ಮಾಡಿದಳು.