ಕಡಲೆಯ ಎಡಗಿವಿ

ಜುಲೈ 12, 2025, ಶನಿವಾರ
ಬಸವನಗುಡಿ

ಬೆಳಗಿನಿಂದ ಜಿಟಿಜಿಟಿ ಮಳೆ. ಹಜಾರದಲ್ಲಿ ಹುಳಿಹುಳಿ ವಾಸನೆ ಬಂತು. ದೋಸೆ ಹಿಟ್ಟು ಉಕ್ಕಿರಬೇಕೆಂದು ಅಡುಗೆಮನೆಗೆ ಹೋಗಿ ನೋಡಿದರೆ ಪಾತ್ರೆ ತಣ್ಣಗೆ ಕುಳಿತಿತ್ತು. ವಾಸನೆ ಬರುತ್ತಿದ್ದುದು ಕಡಲೆಯ ಎಡಗಿವಿಯಿಂದ. ಕಡಲೆಕಾಯಿ ಪರಿಷೆಯ ವಾರ ಮನೆಗೆ ಬಂದ ಕಾಕರ್ ಸ್ಪ್ಯಾನಿಯಲ್ ನಾಯಿ ಅದು, ಹಾಗಾಗಿ ಆ ಹೆಸರು. ಕಿವಿ ಎತ್ತಿದೆ. ಒಳಗೆಲ್ಲ ಕೆಂಪು, ಕಂದು ಬಣ್ಣದ ಜಿಡ್ಡು. ಎರಡು ದಿನದಿಂದ ತಲೆ ಕೊಡವುತ್ತಿತ್ತು. ಮಳೆಯಲ್ಲಿ ನೆನೆದದ್ದಕ್ಕೆ ಎಂದುಕೊಂಡು ಸುಮ್ಮನಿದ್ದೆ.

ಅಮ್ಮ ಅಷ್ಟರಲ್ಲಿ ಬೆಳ್ಳುಳ್ಳಿ ಸುಲಿಯತೊಡಗಿದ್ದರು. "ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಎರಡು ತೊಟ್ಟು ಬಿಡೋಣ ಕಣೋ. ಚಿಕ್ಕವನಿದ್ದಾಗ ನಿನಗೂ ಹಾಗೆಯೇ ಮಾಡಿದ್ದೆ." ನನ್ನ ಕೈಯಲ್ಲಿದ್ದುದು ಫೆಬ್ರವರಿಯಲ್ಲಿ ಉಳಿದಿದ್ದ ಡ್ರಾಪ್ಸ್ ಸೀಸೆ. ನನ್ನದೇನೂ ಹೆಚ್ಚಿನ ಬುದ್ಧಿವಂತಿಕೆಯಲ್ಲ.

ಕೊನೆಗೆ ಕಡಲೆಯನ್ನು ಪಶುವೈದ್ಯರ ಬಳಿಗೆ ಕರೆದೊಯ್ದೆ. ಡಾಕ್ಟರು ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ತಮಟೆಯನ್ನು ನೋಡಿದರು. ಅದು ಹರಿದಿದ್ದರೆ ಕೆಲವು ಔಷಧಗಳು ಒಳಗಿಳಿದು ಕೇಳುವ ಶಕ್ತಿಯನ್ನೇ ಕೆಡಿಸಬಹುದಂತೆ. ನನ್ನ ಸೀಸೆಯನ್ನು ಮೆಲ್ಲನೆ ಜೇಬಿಗೆ ಸೇರಿಸಿದೆ. ಆಮೇಲೆ ಹತ್ತಿಕಡ್ಡಿಯಲ್ಲಿ ಜಿಡ್ಡು ತೆಗೆದು ಗಾಜಿನ ಮೇಲೆ ಹೊರಳಿಸಿ, ಬಣ್ಣ ಹಾಕಿ, "ಬನ್ನಿ, ನೋಡಿ" ಎಂದು ಸೂಕ್ಷ್ಮದರ್ಶಕದತ್ತ ಕರೆದರು. ನೇರಳೆ ಬಣ್ಣದ ಪುಟ್ಟ ಕಾಳುಗಳು, ನಡುವೆ ಸೊಂಟ ಹಿಡಿದ ಹಾಗೆ. ಅಪ್ಪಟ ಕಡಲೆಕಾಯಿ ಆಕಾರ! ಮಲಸೀಜಿಯಾ ಎಂಬ ಶಿಲೀಂಧ್ರವಂತೆ. ಆರೋಗ್ಯವಂತ ಕಿವಿಯಲ್ಲೂ ಅಷ್ಟಿಷ್ಟು ಇರುತ್ತದೆ. ಬೆಚ್ಚಗೆ, ತೇವವಾಗಿ ಇದ್ದರೆ ಹಬ್ಬುತ್ತದೆ. ನಾಯಿಯ ಕಿವಿನಾಳ ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ, ಜೋಲುಕಿವಿ ಅದರ ಮೇಲೊಂದು ಕಂಬಳಿ. ಗಾಳಿ ಆಡುವುದೆಲ್ಲಿ?

"ಪಾದ ನೆಕ್ಕುತ್ತದೆಯೇ?" ಎಂದು ಕೇಳಿದರು. ಸದಾ ನೆಕ್ಕುತ್ತದೆ. ಹಾಗಿದ್ದರೆ ಮೂಲ ಅಲರ್ಜಿ ಇರಬಹುದು, ಕಿವಿಯೂ ಚರ್ಮವೇ ಅಲ್ಲವೇ ಎಂದರು. ಕಿವಿ ತಣಿದ ಮೇಲೆ ಎಂಟು ವಾರ ಒಂದೇ ಬಗೆಯ ಆಹಾರ ಕೊಟ್ಟು ನೋಡಬೇಕು, ನಡುವೆ ಒಂದು ಬಿಸ್ಕತ್ತೂ ಇಲ್ಲ. ಫೆಬ್ರವರಿಯಲ್ಲಿ 14 ದಿನ ಹಾಕಬೇಕಿದ್ದ ಡ್ರಾಪ್ಸನ್ನು, ಕೆರೆತ ನಿಂತಿತೆಂದು ಐದನೆಯ ದಿನವೇ ನಿಲ್ಲಿಸಿದ್ದೆ. ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಚೀಟಿಯಲ್ಲಿ "26, ಮತ್ತೆ ಪರೀಕ್ಷೆ" ಎಂದು ಬರೆದು ಅಡಿಗೆರೆ ಎಳೆದರು. ಬೈದಿದ್ದರೆ ವಾಸಿಯಿತ್ತು.

ಸಂಜೆ ಮೊದಲ ವರಸೆ. ತೊಳೆಯುವ ದ್ರವವನ್ನು ನಾಳ ತುಂಬುವಷ್ಟು ಸುರಿದು, ಕಿವಿಯ ಬುಡವನ್ನು ಪಚಪಚ ಸದ್ದು ಬರುವವರೆಗೆ ತಿಕ್ಕಿ, ಕೈಬಿಟ್ಟು ದೂರ ಸರಿಯಬೇಕು. ದೂರ ಸರಿಯುವುದನ್ನು ಮರೆತೆ. ಕನ್ನಡಕ, ಗೋಡೆ, ಕ್ಯಾಲೆಂಡರ್ ಎಲ್ಲದರ ಮೇಲೂ ಕಂದು ಚುಕ್ಕೆ. ಬೆರಳು ಹೋಗುವಷ್ಟು ದೂರ ಮಾತ್ರ ಹತ್ತಿಯಿಂದ ಒರೆಸಿದೆ. ಇಯರ್‌ಬಡ್ ಹಾಕಿದರೆ ಕೊಳೆ ಇನ್ನೂ ಒಳಕ್ಕೆ ಹೋಗುತ್ತದಂತೆ. ಒಣಗಿದ ಮೇಲೆ ಡ್ರಾಪ್ಸ್.

ಬೆಳ್ಳುಳ್ಳಿ ರಾತ್ರಿಯ ಸಾರಿಗೆ ಒಗ್ಗರಣೆಯಾಯಿತು.