ಪೆರ್ಲದಿಂದ ಮುಳ್ಳೇರಿಯಕ್ಕೆ ಕಾಸರಗೋಡು ಸುತ್ತಿ ಯಾಕೆ ಹೋಗ್ಬೇಕು?

ಪೆರ್ಲದವರು ಮುಳ್ಳೇರಿಯಕ್ಕೆ ಹೋಗ್ಬೇಕಾದ್ರೆ ಬದಿಯಡ್ಕದಲ್ಲಿ ಇಳಿದು ಬಸ್ಸು ಬದಲಿಸ್ತಾರೆ, ಕಾಸರಗೋಡು ಪೇಟೆ ತನಕ ಹೋಗಿ ಅಲ್ಲಿಂದ ವಾಪಾಸು ಬರುವವರು ಯಾರೂ ಇಲ್ಲ. ಆದ್ರೆ ನಾನು ನೋಡಿಕೊಳ್ಳುವ ನೆಟ್‌ವರ್ಕಲ್ಲಿ ಎರಡು ವರ್ಷ ಪೆರ್ಲ ಬ್ರಾಂಚಿನಿಂದ ಮುಳ್ಳೇರಿಯ ಬ್ರಾಂಚಿಗೆ ಮಾಡಿದ ಪ್ರತಿ ಫೋನ್ ಕಾಲು ಕಾಸರಗೋಡು ವಿದ್ಯಾನಗರದ ಮೈನ್ ಆಫೀಸಿಗೆ ಹೋಗಿ, ಅಲ್ಲಿಂದ ತಿರುಗಿ ಮುಳ್ಳೇರಿಯಕ್ಕೆ ಹೋಗ್ತಿತ್ತು, ಮಾತು ಕಡಿದು ಕಡಿದು ಕೇಳ್ತಿತ್ತು. ಅದನ್ನು ಸರಿ ಮಾಡ್ಲಿಕ್ಕೆ ಹೊರಟು ರೂಟಿಂಗ್, ಅಂದ್ರೆ ನೆಟ್‌ವರ್ಕಲ್ಲಿ ಡೇಟಾ ಯಾವ ದಾರಿಯಲ್ಲಿ ಹೋಗ್ಬೇಕು ಅನ್ನುವ ವಿಷಯದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೀತೇನೆ. ಕನ್ನಡದಲ್ಲಿ ಇದರ ಬಗ್ಗೆ ಹುಡುಕಿದಾಗ ನನಗೆ ಬೇಕಾದ ಹಾಗೆ ಏನೂ ಸಿಗ್ಲಿಲ್ಲ, ಅದಕ್ಕೆ ಸ್ವಲ್ಪ ಉದ್ದವೇ ಬರೀತೇನೆ.

ನಮ್ಮದು ಅಡಿಕೆ, ಕಾಳುಮೆಣಸು ಖರೀದಿಯ ವ್ಯಾಪಾರ. ಧನಿಗಳ ಮೈನ್ ಆಫೀಸು ವಿದ್ಯಾನಗರದಲ್ಲಿ, ಬ್ರಾಂಚುಗಳು ಹೊಸಂಗಡಿ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಆದೂರು, ಬಂದಡ್ಕ, ಒಟ್ಟು ಎಂಟು. ಬಿಲ್ಲಿಂಗ್ ಸರ್ವರು ವಿದ್ಯಾನಗರದಲ್ಲಿ ಮಾತ್ರ ಇರುದು. ಹೊಸ ಚಾಲಿಗೆ ಎಷ್ಟು, ಪಟೋರಕ್ಕೆ ಎಷ್ಟು, ಕರಿಗೋಟಿಗೆ ಎಷ್ಟು ಅಂತ ಬೇರೆ ಬೇರೆ ತರದ ಅಡಿಕೆಯ ರೇಟು ಅಲ್ಲಿಂದಲೇ ಬರ್ಬೇಕು. ಲೈನು ಹೋದ್ರೆ ಗೋಣಿ ಇಳಿಸಿದ ಕೃಷಿಕರು ಜೀಪಿನ ಬಾಡಿಗೆ ಏರ್ತಾ ಹೋಗುದನ್ನು ನೋಡಿಕೊಂಡು ಕೂತಿರ್ಬೇಕಾಗ್ತದೆ. ಹಾಗಾಗಿ ಈ ಕೆಲಸವನ್ನು ನಾನು ಬರೀ ಕಂಪ್ಯೂಟರಿನ ಕೆಲಸ ಅಂತ ಯಾವತ್ತೂ ನೋಡಿದ್ದಿಲ್ಲ.

ಮೊದಲು ಎಲ್ಲ ಸ್ಟಾಟಿಕ್ ರೂಟೇ, ಅಂದ್ರೆ ಕೈಯಾರೆ ಬರೆದಿಟ್ಟ ದಾರಿ. ಬ್ರಾಂಚುಗಳಲ್ಲಿ ಒಂದೇ ಸಾಲು, 10.20.0.0/16 ಗೆ (ನಮ್ಮ ಆಫೀಸುಗಳ ಒಳಗಿನ ವಿಳಾಸಗಳಿಗೆ) ಹೋಗುವುದೆಲ್ಲ ಟನೆಲ್ (ಇಂಟರ್ನೆಟ್ಟಿನ ಮೇಲೆ ಕಟ್ಟಿದ ಖಾಸಗಿ ದಾರಿ) ಮೂಲಕ ಹಬ್ಬಿಗೆ, ಅಂದ್ರೆ ವಿದ್ಯಾನಗರದ ರೂಟರಿಗೆ. ಹಬ್ಬಲ್ಲಿ ಒಂದೊಂದು ಬ್ರಾಂಚಿಗೆ ಒಂದೊಂದು ಸಾಲು. ನಿಮ್ಮ ಹತ್ರ ಒಂದೇ ಹಬ್ಬು, ಬ್ರಾಂಚಿಗೆ ಒಂದೇ ಲೈನು ಇದ್ರೆ ಇಷ್ಟೇ ಸಾಕು, ಡೈನಾಮಿಕ್ ರೂಟಿಂಗಿನ (ರೂಟರುಗಳೇ ಮಾತಾಡಿಕೊಂಡು ದಾರಿ ಹುಡುಕುದು) ಹಿಂದೆ ಹೋಗ್ಬೇಡಿ ಅಂತಲೇ ನಾನು ಹೇಳುದು. ತೊಂದ್ರೆ ಶುರು ಆಗುದು ಎರಡನೇ ಲೈನು ಬಂದಾಗ. ಒಂದು ಜೂನಲ್ಲಿ ಜೋರು ಮಳೆ, ರಸ್ತೆ ಕೆಲಸದವರು ಅಗೆಯುವಾಗ ಆದೂರಿನ ಫೈಬರ್ ಕಡಿದು ಹೋಯ್ತು. ಪಕ್ಕದಲ್ಲೇ 4ಜಿ ಸಿಮ್ ಹಾಕಿದ ರೂಟರು ಲೈಟ್ ಉರಿಸಿಕೊಂಡು ಸುಮ್ಮನೆ ಕೂತಿತ್ತು. ಯಾಕೆ ಅಂದ್ರೆ ಒಂದೇ ಇಂಟರ್‌ಫೇಸಿಂದ ಹಲವರ ಹತ್ರ ಮಾತಾಡುವ ಈ ಮಲ್ಟಿಪಾಯಿಂಟ್ ಜಿಆರ್‌ಇ ಟನೆಲ್ ಉಂಟಲ್ಲ, ಆಚೆ ಬದಿಯವರು ಬದುಕಿದ್ದಾರಾ ಇಲ್ವಾ ಅಂತ ಅದಕ್ಕೆ ಗೊತ್ತಾಗುದಿಲ್ಲ, ಇಂಟರ್‌ಫೇಸು ಅಪ್ ಅಂತಲೇ ತೋರಿಸ್ತದೆ, ಸ್ಟಾಟಿಕ್ ರೂಟು ಅಲ್ಲೇ ಕೂತಿರ್ತದೆ, ಪ್ಯಾಕೆಟೆಲ್ಲ ಹೊಂಡಕ್ಕೆ. ಲೈನಿನ ಹುಡುಗನಿಗೆ ಫೋನ್ ಮಾಡಿದ್ರೆ ‘ನಾಳೆ ನೋಕ್ಕಾಂ ಚೇಟ್ಟಾ’ (ನಾಳೆ ನೋಡುವ ಅಣ್ಣ) ಅಂದ. ನಾನು ಆ ಮಳೆಯಲ್ಲಿ ಬೈಕಲ್ಲಿ ಆದೂರಿಗೆ ಹೋಗಿ ಕೈಯಾರೆ ಒಂದು ಸಾಲು ಬದಲಿಸಿ ಬಂದೆ. ದಾರಿ ಸತ್ತರೆ ರೂಟರಿಗೇ ಗೊತ್ತಾಗ್ಬೇಕು ಅಂತ ಅವತ್ತೇ ತೀರ್ಮಾನ ಮಾಡಿದ್ದು.

ಟನೆಲ್ ವ್ಯವಸ್ಥೆ ಆಗಲೇ ಡಿಎಂವಿಪಿಎನ್ (ಬೇಕಾದಾಗ ತಾನಾಗಿ ಟನೆಲ್ ಕಟ್ಟಿಕೊಳ್ಳುವ ವ್ಯವಸ್ಥೆ) ಮಾಡಿ ಆಗಿತ್ತು. ಹಬ್ಬಿಗೆ ಮಾತ್ರ ಬದಲಾಗದ ಪಬ್ಲಿಕ್ ಐಪಿ, ಬ್ರಾಂಚುಗಳ ಫೈಬರಿನ ಐಪಿ ಆಗಾಗ ಬದಲಾಗ್ತದೆ. ಹಾಗಾಗಿ ಬ್ರಾಂಚಿನ ರೂಟರೇ ಹಬ್ಬಿಗೆ ಕರೆ ಮಾಡಿ ‘ನಾನು ಉಪ್ಪಳ, ಇವತ್ತು ನನ್ನ ಹೊರಗಿನ ವಿಳಾಸ ಇದು’ ಅಂತ ಬರೆಸಿಕೊಳ್ತದೆ. ಹಾಗೆ ಬರೆಸುವ ಪ್ರೋಟೋಕಾಲಿಗೆ ಎನ್‌ಎಚ್‌ಆರ್‌ಪಿ ಅಂತ ಹೆಸರು, 1998ರ ಆರ್‌ಎಫ್‌ಸಿ 2332ರಲ್ಲಿ ಉಂಟು. ಅದರ ಮೇಲೆ ಐಪಿಸೆಕ್ ಅನ್ನುವ ಎನ್‌ಕ್ರಿಪ್ಶನಿನ ಬೀಗ.

ಇದರ ಮೇಲೆ ಓಎಸ್‌ಪಿಎಫ್ ಹಾಕಿದೆ, ರೂಟರುಗಳು ಒಬ್ಬರಿಗೊಬ್ಬರು ಸುದ್ದಿ ಹೇಳಿ ನೆಟ್‌ವರ್ಕಿನ ನಕ್ಷೆ ಮಾಡಿಕೊಂಡು ದಾರಿ ಹುಡುಕುವ ಪ್ರೋಟೋಕಾಲು ಅದು. ಅಲ್ಲಿಂದ ಒಂದರ ಮೇಲೆ ಒಂದು ಸಮಸ್ಯೆ. ಎಲ್ಲದಕ್ಕೂ ಕಾರಣ ಒಂದೇ ಅಂತ ಗೊತ್ತಾಗ್ಲಿಕ್ಕೆ ನನಗೆ ತುಂಬಾ ದಿನ ಹಿಡೀತು, ಅದನ್ನು ಮೊದಲೇ ಹೇಳಿಬಿಡ್ತೇನೆ. ಟನೆಲಿನ ಅಡ್ರೆಸ್ಸು ನೋಡಿದ್ರೆ ಹಬ್ಬು, ಎಂಟು ಬ್ರಾಂಚು ಎಲ್ಲ 172.16.50.0/24 ಅನ್ನುವ ಒಂದೇ ಅಂಗಳದಲ್ಲಿ ಕೂತ ಹಾಗೆ ಕಾಣ್ತದೆ. ಅಂಗಳದಲ್ಲಿ ಒಬ್ಬರು ಕರೆದ್ರೆ ಎಲ್ಲರಿಗೂ ಕೇಳ್ಬೇಕಲ್ಲ. ಆದ್ರೆ ನಿಜವಾಗಿ ಅಲ್ಲಿ ಅಂಗಳವೇ ಇಲ್ಲ, ಎಂಟು ಬೇರೆ ಬೇರೆ ಮನೆ, ಪ್ರತಿ ಮನೆಯಿಂದ ಧನಿಗಳ ಮನೆಗೆ ಒಂದೊಂದು ಫೋನು, ಅಷ್ಟೇ. ರೂಟಿಂಗ್ ಪ್ರೋಟೋಕಾಲು ಅಂಗಳ ಉಂಟು ಅಂತ ನಂಬಿ ಕೆಲಸ ಮಾಡ್ತದೆ. ಅದಕ್ಕೆ ನಿಜ ಸಂಗತಿ ನಾವು ಹೇಳಿಕೊಡ್ಬೇಕು.

ಮೊದಲ ದಿನ ನೈಬರೇ (ಮಾತಿಗೆ ಸಿಗುವ ಆಚೆ ಬದಿಯ ರೂಟರು) ಬರ್ಲಿಲ್ಲ. ನಾನಿದ್ದೇನೆ ಅಂತ ಹೇಳುವ ಓಎಸ್‌ಪಿಎಫ್ ಹಲೋ ಹೋಗುದು 224.0.0.5 ಅನ್ನುವ ಮಲ್ಟಿಕಾಸ್ಟ್ ವಿಳಾಸಕ್ಕೆ, ಅಂದ್ರೆ ಅಂಗಳಕ್ಕೆ ಕೇಳುವ ಹಾಗೆ ಕೂಗುದು. ಇಲ್ಲಿ ಹಬ್ಬು ಆ ಕೂಗನ್ನು ನಕಲು ಮಾಡಿ ರಿಜಿಸ್ಟರ್ ಆದ ಪ್ರತಿ ಬ್ರಾಂಚಿಗೂ ಬೇರೆ ಬೇರೆ ಕಳಿಸ್ಬೇಕು, ಅದಕ್ಕೆ ಎನ್‌ಎಚ್‌ಆರ್‌ಪಿಯಲ್ಲಿ ಮಲ್ಟಿಕಾಸ್ಟ್ ಡೈನಾಮಿಕ್ ಮ್ಯಾಪ್ ಅನ್ನುವ ಒಂದು ಸಾಲು ಬೇಕು. ಅದು ಹಾಕಿದ್ದೇ ತಡ ಉಪ್ಪಳ ಬಂತು, ಉಪ್ಪಳ ಹೋಗಿ ಕುಂಬಳೆ ಬಂತು, ಕುಂಬಳೆ ಹೋಗಿ ಪೆರ್ಲ ಬಂತು. ಸಿಸ್ಕೊ ರೂಟರಲ್ಲಿ ಟನೆಲ್ ಇಂಟರ್‌ಫೇಸಿನ ಡಿಫಾಲ್ಟ್ ನೆಟ್‌ವರ್ಕ್ ಟೈಪು ಪಾಯಿಂಟ್ ಟು ಪಾಯಿಂಟ್, ಅಂದ್ರೆ ಆಚೆ ಬದಿಯಲ್ಲಿ ಒಬ್ಬರೇ ಇರುದು ಅಂತ ಲೆಕ್ಕ. ಎಂಟು ಜನ ಒಂದೇ ಕುರ್ಚಿಗೆ ಬಂದ ಹಾಗೆ ಆಯ್ತು.

ಸರಿ ಅಂತ ಹಬ್ಬಲ್ಲಿ ಟೈಪು ಬ್ರಾಡ್‌ಕಾಸ್ಟ್ ಮಾಡಿದೆ, ಬ್ರಾಂಚಲ್ಲಿ ಬದಲಿಸ್ಲಿಲ್ಲ. ಈಗ ಎಲ್ಲ ಎಂಟೂ ಫುಲ್ (ನೈಬರ್ ಸಂಬಂಧ ಪೂರ್ತಿ ಆಯ್ತು) ಅಂತ ತೋರಿಸ್ತು, ನನಗೆ ಖುಷಿ, ನೋಡಿದ್ರೆ ಒಂದು ರೂಟೂ ಇಲ್ಲ! ಇದು ತುಂಬಾ ಕೆಟ್ಟ ತಪ್ಪು ಯಾಕೆ ಅಂದ್ರೆ ಎಲ್ಲಿಯೂ ಎರರ್ ಬರುದಿಲ್ಲ. ಎರಡೂ ಟೈಪಿಗೆ ಹಲೋ 10 ಸೆಕೆಂಡಿಗೊಮ್ಮೆ, 40 ಸೆಕೆಂಡು ಹಲೋ ಕೇಳದಿದ್ರೆ ಸತ್ತ ಲೆಕ್ಕ (ಡೆಡ್), ಹಾಗಾಗಿ ಕೈ ಕುಲುಕ್ತವೆ, ಆದ್ರೆ ಈ ಲಿಂಕು ಯಾವ ತರದ್ದು ಅನ್ನುವ ವಿವರಣೆ ಎರಡು ಬದಿಯಲ್ಲಿ ಬೇರೆ ಬೇರೆ ಇರುದರಿಂದ ನಕ್ಷೆ ಕೂಡಿಬರುದಿಲ್ಲ. ಫುಲ್ ಅಂತ ಕಂಡ ಕೂಡಲೇ ಕೆಲಸ ಮುಗೀತು ಅಂತ ತಿಳ್ಕೊಳ್ಬೇಡಿ, ರೂಟಿಂಗ್ ಟೇಬಲು ತೆರೆದು ನೋಡಿ.

ಬ್ರಾಂಚಲ್ಲಿಯೂ ಬ್ರಾಡ್‌ಕಾಸ್ಟ್ ಮಾಡಿದ ಮೇಲೆ ಅರ್ಧ ಬ್ರಾಂಚಿನ ರೂಟು ಬಂತು, ಅರ್ಧ ಇಲ್ಲ. ಬ್ರಾಡ್‌ಕಾಸ್ಟ್ ಅಂದ್ರೆ ಅಂಗಳಕ್ಕೆ ಒಬ್ಬ ಗುರಿಕಾರ (ಮುಖ್ಯಸ್ಥ) ಬೇಕು, ಡಿಆರ್ (ಡೆಸಿಗ್ನೇಟೆಡ್ ರೂಟರ್) ಅಂತ. ಪ್ರಯಾರಿಟಿ ಎಲ್ಲರದ್ದೂ 1 ಇದ್ರೆ ರೂಟರ್ ಐಡಿ ದೊಡ್ಡದು ಇದ್ದವರಿಗೆ ಆ ಪಟ್ಟ. ನಾನು ಐಡಿ ಕೊಟ್ಟದ್ದು ಹಬ್ಬಿಗೆ 10.255.0.1, ಕೊನೆಗೆ ಸೇರಿದ ಬಂದಡ್ಕಕ್ಕೆ 10.255.0.9. ಹಾಗಾಗಿ ಹಬ್ಬಿನ ಲೆಕ್ಕದಲ್ಲಿ ಬಂದಡ್ಕವೇ ಗುರಿಕಾರ, ಆದ್ರೆ ಉಪ್ಪಳಕ್ಕೆ ಬಂದಡ್ಕದ ದನಿಯೇ ಕೇಳುದಿಲ್ಲ, ಕೇಳುದು ಹಬ್ಬು ಒಂದೇ, ಹಬ್ಬಿಗಿಂತ ತನ್ನ ಐಡಿ ದೊಡ್ಡದು ಅಂತ ಅದು ತಾನೇ ಗುರಿಕಾರ ಅಂದುಕೊಳ್ತದೆ. ಇಬ್ಬರ ಲೆಕ್ಕ ಬೇರೆ ಆದ್ರೆ ನಕ್ಷೆ ಹರಿದು ಹೋಗ್ತದೆ. ಎಲ್ಲ ಬ್ರಾಂಚಲ್ಲಿ ಪ್ರಯಾರಿಟಿ 0 ಹಾಕ್ಬೇಕು, ಕಡಿಮೆ ಅಂತ ಅಲ್ಲ, ಆ ಸ್ಪರ್ಧೆಗೇ ಬರ್ಬಾರ್ದು ಅಂತ. ಇನ್ನೊಂದು ದಾರಿ ಪಾಯಿಂಟ್ ಟು ಮಲ್ಟಿಪಾಯಿಂಟ್ ಟೈಪು, ಅದರಲ್ಲಿ ಗುರಿಕಾರನೇ ಇಲ್ಲ, ಹಲೋ 30, ಡೆಡ್ 120. ಹಬ್ಬು ಸ್ಪೋಕಿನ (ನಡುವೆ ಒಂದು ಹಬ್ಬು, ಸುತ್ತ ಬ್ರಾಂಚು) ನಿಜ ಸ್ಥಿತಿಗೆ ಅದೇ ಹತ್ತಿರ ಅಂತ ನನ್ನ ಅಭಿಪ್ರಾಯ.

ಮುಳ್ಳೇರಿಯ ಒಂದು ಮಾತ್ರ ಎಕ್ಸ್‌ಸ್ಟಾರ್ಟಲ್ಲಿ (ನೈಬರ್ ಆಗುವ ನಡುವಿನ ಒಂದು ಹಂತ) ನಿಂತು ಹೋಗಿತ್ತು. ಅದು ಎಂಟಿಯು (ಒಮ್ಮೆಗೆ ಕಳಿಸ್ಬಹುದಾದ ಪ್ಯಾಕೆಟಿನ ಗರಿಷ್ಠ ಗಾತ್ರ) ಹೊಂದದೆ ಇದ್ದದ್ದು, ಎಲ್ಲ ಕಡೆ 1400 ಹಾಕಿ ಅಲ್ಲಿ ಆ ಸಾಲು ಬಿಟ್ಟುಹೋಗಿತ್ತು. ಎಂಟಿಯು ನೋಡ್ಬೇಡ ಅಂತ ಓಎಸ್‌ಪಿಎಫ್‌ಗೆ ಹೇಳುವ ಕಮಾಂಡು ಉಂಟು, ಅದನ್ನು ನಾನು ಹಾಕುದಿಲ್ಲ, ಅಡಗಿದ ತಪ್ಪು ಇನ್ನೊಂದು ದಿನ ಬಿಲ್ಲಿನ ಪಿಡಿಎಫ್ ಅರ್ಧಕ್ಕೆ ನಿಲ್ಲುವಾಗ ಎದ್ದು ಬರ್ತದೆ. 1400 ಎಂಟಿಯು, ಟಿಸಿಪಿಗೆ 1360 ಎಂಎಸ್‌ಎಸ್ (ಪ್ಯಾಕೆಟಿನೊಳಗಿನ ಡೇಟಾದ ಮಿತಿ), ಎಲ್ಲ ಕಡೆ ಒಂದೇ.

ನನ್ನ ನಿದ್ದೆ ಕೆಡಿಸಿದ್ದು ಬೇರೆ. ಒಂದು ಸಂಜೆಯಿಂದ ಎಲ್ಲ ಬ್ರಾಂಚೂ ಒಟ್ಟಿಗೆ ಬೀಳ್ತದೆ, ಮುಕ್ಕಾಲು ನಿಮಿಷ ಆದ ಮೇಲೆ ಬರ್ತದೆ, ಪುನಃ ಬೀಳ್ತದೆ. ಬರೆಯುವ ಅವಸರದಲ್ಲಿ ನಾನು ಹಬ್ಬಲ್ಲಿ ಇದ್ದ ಎಲ್ಲ ಇಂಟರ್‌ಫೇಸನ್ನೂ ಓಎಸ್‌ಪಿಎಫ್ ಒಳಗೆ ಸೇರಿಸಿದ್ದೆ, ಹೊರಗಿನ ಇಂಟರ್ನೆಟ್ಟಿನ ಬದಿಯ ಪಬ್ಲಿಕ್ ವಿಳಾಸಗಳ /29 ಕೂಡಾ. ಬ್ರಾಂಚಿಗೆ ‘ಹಬ್ಬಿನ ಪಬ್ಲಿಕ್ ವಿಳಾಸಕ್ಕೆ ಟನೆಲ್ ಮೂಲಕ ಹೋಗು’ ಅಂತ ಸುದ್ದಿ ಹೋಯ್ತು, ಡಿಫಾಲ್ಟ್ ರೂಟಿಗಿಂತ ಅದು ನಿಖರ ಅಂತ ರೂಟರು ಅದನ್ನೇ ಹಿಡಿದುಕೊಳ್ತು. ಆದ್ರೆ ಟನೆಲ್ ನಿಂತಿರುದೇ ಆ ಪಬ್ಲಿಕ್ ವಿಳಾಸದ ಮೇಲೆ. ಮನೆಯ ಕೀಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಹಲೋ ನಿಲ್ತದೆ, 40 ಸೆಕೆಂಡಿಗೆ ನೈಬರ್ ಸಾಯ್ತದೆ, ಆ ಕೆಟ್ಟ ರೂಟು ಅಳಿದು ಹೋಗ್ತದೆ, ಟನೆಲ್ ಎದ್ದು ನಿಲ್ತದೆ, ಪುನಃ ಅದೇ ಸುದ್ದಿ ಬರ್ತದೆ. ಈಗ ನಾನು ಎಲ್ಲವನ್ನೂ ಮೊದಲು ಪ್ಯಾಸಿವ್ (ಹಲೋ ಕಳಿಸದ ಹಾಗೆ) ಮಾಡಿ ಟನೆಲನ್ನು ಮಾತ್ರ ತೆರೀತೇನೆ, ಹೊರಗಿನ ಬದಿಯನ್ನು ಬೇರೆಯೇ ವಿಆರ್‌ಎಫ್ (ಪ್ರತ್ಯೇಕ ರೂಟಿಂಗ್ ಟೇಬಲು) ಒಳಗೆ ಇಟ್ಟಿದ್ದೇನೆ. ಎರಡು ಮನೆಯ ಕೀ ಒಟ್ಟಿಗೆ ಕಟ್ಟುದೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ಓಎಸ್‌ಪಿಎಫ್ ಚೆನ್ನಾಗಿಯೇ ನಡೀತು, ಸುಮಾರು ಒಂದು ವರ್ಷ. ಆದ್ರೆ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ನಮ್ಮ ಕಡೆ ಸಂಜೆ ಗುಡುಗು ಶುರು ಆದ್ರೆ ಬ್ರಾಂಚಿನವರು ರೂಟರಿನ ಪ್ಲಗ್ಗು ಎಳೆದು ಇಡ್ತಾರೆ, ಅದು ಸರಿಯೇ, ಸಿಡಿಲಿಗೆ ಎರಡು ರೂಟರು ಸುಟ್ಟು ಹೋದ್ದು ನೋಡಿದ್ದೇನೆ. ಬಂದಡ್ಕದಲ್ಲಿ ಪ್ಲಗ್ ಎಳೆದ್ರೆ ಆ ಸುದ್ದಿ ಹೊಸಂಗಡಿಯ ತನಕ ಹೋಗ್ತದೆ, ಅಲ್ಲಿಯ ರೂಟರು 1959ರಲ್ಲಿ ಡೈಕ್‌ಸ್ಟ್ರ ಪ್ರಕಟಿಸಿದ, ಹತ್ತಿರದ ದಾರಿ ಹುಡುಕುವ ಲೆಕ್ಕವನ್ನು ಪುನಃ ಮಾಡ್ತದೆ. ಎಂಟೇ ಬ್ರಾಂಚಿಗೆ ಇದು ಭಾರ ಅಲ್ಲ, ಒಪ್ತೇನೆ. ಆದ್ರೆ ಹೊಸಂಗಡಿಗೆ ಅದು ಗೊತ್ತಾಗಿ ಎಂತ ಆಗ್ಬೇಕು? ಅದರ ಹತ್ರ ಇರುದು ಹಬ್ಬಿಗೆ ಹೋಗುವ ದಾರಿ ಒಂದೇ. ಒಂದೇ ಏರಿಯಾದ ಒಳಗೆ ಓಎಸ್‌ಪಿಎಫ್‌ನಲ್ಲಿ ರೂಟುಗಳನ್ನು ಒಟ್ಟು ಸೇರಿಸಿ ಹೇಳ್ಲಿಕ್ಕೆ ಆಗುದಿಲ್ಲ, ಎಲ್ಲರೂ ಪೂರ್ತಿ ನಕ್ಷೆ ಇಟ್ಟುಕೊಳ್ಳಲೇಬೇಕು. ಮಂಗಳೂರಲ್ಲಿರುವ ಗೆಳೆಯ ಇಐಜಿಆರ್‌ಪಿ (ಸಿಸ್ಕೊದವರ ರೂಟಿಂಗ್ ಪ್ರೋಟೋಕಾಲು) ಹಾಕು, ಹಬ್ಬಲ್ಲಿ ಸ್ಪ್ಲಿಟ್ ಹೊರೈಜನ್ (ಬಂದ ಬದಿಗೇ ಸುದ್ದಿ ತಿರುಗಿ ಹೇಳ್ಬಾರ್ದು ಅನ್ನುವ ನಿಯಮ) ತೆಗಿ, ಬ್ರಾಂಚನ್ನು ಸ್ಟಬ್ (ದಾರಿಯ ಕೊನೆ) ಮಾಡು ಅಂತ ಹೇಳಿದ. ಒಳ್ಳೆ ಸಲಹೆಯೇ, ಆದ್ರೆ ಎರಡು ಬ್ರಾಂಚಲ್ಲಿ ಬೇರೆ ಕಂಪೆನಿಯ ರೂಟರು ಉಂಟು, ಅದರಲ್ಲಿ ಅದು ಬರುದಿಲ್ಲ.

ಕೊನೆಗೆ ನಾನು ಹಿಡಿದದ್ದು ಬಿಜಿಪಿ ಅನ್ನುವ ಇನ್ನೊಂದು ರೂಟಿಂಗ್ ಪ್ರೋಟೋಕಾಲು. ಬಿಜಿಪಿ ಅಂದ್ರೆ ದೊಡ್ಡ ದೊಡ್ಡ ಟೆಲಿಕಾಂ ಕಂಪೆನಿಗಳಿಗೆ ಅಂತ ಒಂದು ಹೆದರಿಕೆ ಉಂಟು, ನನಗೂ ಇತ್ತು. ಆದ್ರೆ ಹಬ್ಬು ಸ್ಪೋಕಿಗೆ ಇಷ್ಟು ಸರಿಯಾಗಿ ಕೂರುವುದು ಬೇರೆ ಇಲ್ಲ, ಯಾಕೆ ಅಂದ್ರೆ ಅದು ಅಂಗಳವನ್ನು ನಂಬುದೇ ಇಲ್ಲ, ಒಬ್ಬರಿಗೊಬ್ಬರು ಟಿಸಿಪಿ ಕನೆಕ್ಷನ್ ಮಾಡಿ ಮಾತಾಡ್ತದೆ, ಧನಿಗಳ ಮನೆಗೆ ಒಂದೊಂದು ಫೋನು ಅನ್ನುದಕ್ಕೆ ಸರಿಯಾಗಿ. ಎಲ್ಲರಿಗೂ 65000 ಅನ್ನುವ ಒಂದೇ ಪ್ರೈವೇಟ್ ಎಎಸ್ ನಂಬರು (ಬಿಜಿಪಿಯಲ್ಲಿ ಒಂದು ನೆಟ್‌ವರ್ಕಿನ ಗುರುತು). ಐಬಿಜಿಪಿಯಲ್ಲಿ (ಒಂದೇ ಎಎಸ್ ಒಳಗಿನ ಬಿಜಿಪಿ) ಒಬ್ಬರಿಂದ ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳ್ಬಾರ್ದು ಅಂತ ನಿಯಮ ಇರುದರಿಂದ ಸಾಧಾರಣವಾಗಿ ಹಬ್ಬನ್ನು ರೂಟ್ ರಿಫ್ಲೆಕ್ಟರ್ (ಸುದ್ದಿ ದಾಟಿಸಲು ಅನುಮತಿ ಇರುವವ) ಮಾಡ್ಬೇಕಾಗ್ತದೆ, ನಮಗೆ ಅದೂ ಬೇಡವಾಯ್ತು, ಹಬ್ಬು ಬ್ರಾಂಚಿಗೆ ಹೇಳುದು 10.20.0.0/16 ಅನ್ನುವ ಒಂದೇ ಮಾತು. ಆ ಒಟ್ಟು ರೂಟು ಹಬ್ಬಲ್ಲಿ ನಲ್ ಇಂಟರ್‌ಫೇಸಿಗೆ (ಪ್ಯಾಕೆಟು ಬಿಸಾಡುವ ಜಾಗ) ಕೂರ್ತದೆ, ಬಂದಡ್ಕ ಮಲಗಿದ್ರೆ ಅಲ್ಲಿಗೆ ಹೋಗುವ ಪ್ಯಾಕೆಟು ಹಬ್ಬಲ್ಲೇ ನಿಲ್ತದೆ, ಎಲ್ಲೆಲ್ಲೋ ಅಲೆಯುದಿಲ್ಲ. ಸಿಸ್ಕೊದಲ್ಲಿ ಡಿಫಾಲ್ಟ್ ಟೈಮರು 60 ಮತ್ತೆ 180 ಸೆಕೆಂಡು, ಮೂರು ನಿಮಿಷ ಕಾಯ್ಲಿಕ್ಕೆ ನಮಗೆ ಆಗುದಿಲ್ಲ, 10 ಮತ್ತೆ 30 ಮಾಡಿದೆ.

ಒಂದು ವಿಷಯದಲ್ಲಿ ಇಲ್ಲಿಯೂ ಏಟು ತಿಂದೆ. ಫೈಬರಿನ ಟನೆಲ್ 172.16.50, 4ಜಿಯ ಟನೆಲ್ 172.16.40. ಬ್ರಾಂಚಲ್ಲಿ ಫೈಬರಿಗೆ ಲೋಕಲ್ ಪ್ರಿಫರೆನ್ಸ್ (ಈ ದಾರಿಯೇ ಮೊದಲು ಅನ್ನುವ ಅಂಕ) 200 ಕೊಟ್ಟೆ, ಹಬ್ಬಲ್ಲಿ ಕೊಡ್ಲಿಲ್ಲ. ಹಬ್ಬಿಗೆ ಎರಡೂ ದಾರಿ ಎಲ್ಲ ರೀತಿಯಲ್ಲೂ ಸಮ, ಹಾಗೆ ಆದಾಗ ಕೊನೆಗೆ ಅದು ಚಿಕ್ಕ ನೈಬರ್ ವಿಳಾಸ ನೋಡ್ತದೆ, 50ಕ್ಕಿಂತ 40 ಚಿಕ್ಕದು. ಹೋಗುದು ಫೈಬರಲ್ಲಿ, ಬರುದು 4ಜಿಯಲ್ಲಿ. ಸಿಮ್ಮಿನ ಡೇಟಾ ಪೂರ್ತಿ ಮುಗಿದ ಮೇಲೆಯೇ ಗೊತ್ತಾದದ್ದು. ದಾರಿಯ ಆಯ್ಕೆ ಎರಡೂ ಬದಿಯಲ್ಲಿ ಬರೀಲೇಬೇಕು.

ಇನ್ನು ಪೆರ್ಲ ಮುಳ್ಳೇರಿಯದ ಮಾತು. ಡಿಎಂವಿಪಿಎನ್‌ನ ಮೂರನೇ ಫೇಸಲ್ಲಿ ಹಬ್ಬಿಗೆ ರೀಡೈರೆಕ್ಟ್, ಬ್ರಾಂಚಿಗೆ ಶಾರ್ಟ್‌ಕಟ್ ಅಂತ ಒಂದೊಂದು ಸಾಲು ಕೊಡ್ಬೇಕು. ಪೆರ್ಲಕ್ಕೆ ಗೊತ್ತಿರುದು ಹಬ್ಬಿನ ದಾರಿ ಮಾತ್ರ, ಹಾಗಾಗಿ ಮೊದಲ ಪ್ಯಾಕೆಟು ವಿದ್ಯಾನಗರಕ್ಕೇ ಹೋಗ್ತದೆ. ಹಬ್ಬು ಅದನ್ನು ದಾಟಿಸಿ, ‘ಇದಕ್ಕೆ ನೇರ ದಾರಿ ಉಂಟು, ಕೇಳಿ ನೋಡು’ ಅಂತ ಪೆರ್ಲಕ್ಕೆ ಹೇಳ್ತದೆ. ಪೆರ್ಲ ಎನ್‌ಎಚ್‌ಆರ್‌ಪಿಯಲ್ಲಿ ಕೇಳಿ ಮುಳ್ಳೇರಿಯದ ಹೊರಗಿನ ವಿಳಾಸ ತಿಳ್ಕೊಂಡು ನೇರ ಟನೆಲ್ ಕಟ್ತದೆ. ಮಾತು ಮುಗಿದು ಸ್ವಲ್ಪ ಹೊತ್ತಿಗೆ ಅದು ತಾನಾಗಿ ಅಳಿದು ಹೋಗ್ತದೆ. ಎರಡೂ ಬದಿಯಲ್ಲಿ 4ಜಿ ಆಗಿದ್ರೆ ಮಾತ್ರ ಕಷ್ಟ, ನಮ್ಮ ಸಿಮ್ಮಿಗೆ ಸಿಗುದು 100.64 ಇಂದ ಶುರು ಆಗುವ ಹಂಚಿಕೆಯ ವಿಳಾಸ, ನೇರ ಟನೆಲ್ ಹೆಚ್ಚಾಗಿ ಏಳುದಿಲ್ಲ, ಆಗ ಹಬ್ಬಿನ ಮೂಲಕವೇ ಹೋಗ್ತದೆ, ಕೆಲಸ ನಿಲ್ಲುದಿಲ್ಲ.

ಹಾಕಿದ ಮರುದಿನ, ಫೈಬರ್ ಹೋದ್ರೆ 4ಜಿ ತಾನಾಗಿ ಹಿಡೀತದಾ ಅಂತ ನೋಡ್ಲಿಕ್ಕೆ, ಮುಳ್ಳೇರಿಯದ ಕೌಂಟರಲ್ಲಿರುವ ಅಕ್ಕನಿಗೆ ಫೋನ್ ಮಾಡಿ ‘ಅಕ್ಕ, ಆ ಹಳದಿ ವಯರು ಒಮ್ಮೆ ಎಳೀರಿ’ ಅಂದೆ. ‘ಎಳೆದ್ರೆ ಬಿಲ್ಲು ನಿಲ್ಲುದಿಲ್ವಾ ಮಾರಾಯ, ನಾಲ್ಕು ಜನ ಕಾಯ್ತಾ ಇದ್ದಾರೆ’ ಅಂತ ಅವರಿಗೆ ಹೆದರಿಕೆ. ಎಳೆದರು. ಇಪ್ಪತ್ತೈದು, ಇಪ್ಪತ್ತಾರು ಅಂತ ನಾನು ಇಲ್ಲಿ ಎಣಿಸ್ತಾ ಇದ್ದೆ, ಮೂವತ್ತಕ್ಕೆ ಸರಿಯಾಗಿ ‘ಬಂತು, ಬಂತು’ ಅಂದ್ರು, ಹಿಂದಿನಿಂದ ಪ್ರಿಂಟರಿನ ಶಬ್ದವೂ ಕೇಳ್ತು. ಮತ್ತೆ ಅವರೇ ವಯರು ಹಾಕಿ ಪೆರ್ಲಕ್ಕೆ ಫೋನ್ ಮಾಡಿದರಂತೆ, ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ ಕೇಳ್ತದೆ ಅಂತ ಹೇಳಿದ್ರು.

ಹೋದ ತಿಂಗಳು ಬಾಯಾರಿನಲ್ಲಿ ಒಂಬತ್ತನೇ ಬ್ರಾಂಚು ಶುರು ಆಯ್ತು. ಹಬ್ಬು ಆ ಟನೆಲಿನ ರೇಂಜಿನಿಂದ ಯಾರು ಬಂದ್ರೂ ಬಿಜಿಪಿ ನೈಬರ್ ಅಂತ ಒಪ್ಪುವ ಹಾಗೆ ಇಟ್ಟಿದ್ದೆ, ಒಳಗೆ ಬರ್ಲಿಕ್ಕೆ ಐಪಿಸೆಕ್ ಬೀಗ ದಾಟಲೇಬೇಕಲ್ಲ. ಉಪ್ಪಳದ ಕಾನ್ಫಿಗ್ ಕಾಪಿ ಮಾಡಿ ಬಾಯಾರಿನ ನಂಬರುಗಳನ್ನು ಹಾಕಿ ಪ್ಲಗ್ ಚುಚ್ಚಿದೆ, ವಿದ್ಯಾನಗರದ ರೂಟರನ್ನು ಮುಟ್ಟಲೇ ಇಲ್ಲ, ಚಾ ಬರುವ ಮೊದಲು ರೇಟು ಸ್ಕ್ರೀನಲ್ಲಿ ಬಂದಿತ್ತು.