ಹಿಡಿದಿರುವುದು ಸೊಂಟವೋ, ನರವೋ?

ಬಿಂದಿಗೆ ಎತ್ತಲು ಬಗ್ಗಿದಾಗ, ಕೆಲವೊಮ್ಮೆ ಬರೀ ಸೀನಿದಾಗ, ಸೊಂಟ ಗಕ್ಕನೆ ಹಿಡಿದುಕೊಳ್ಳುತ್ತದೆ. ಮುಲಾಮು ಹುಡುಕುವ ಮೊದಲು ನೋವು ಎಲ್ಲಿಯವರೆಗೆ ಇಳಿದಿದೆ ಅಂತ ನೋಡಿಕೊಳ್ಳಿ.

ಸೊಂಟ, ಪೃಷ್ಠ, ಹೆಚ್ಚೆಂದರೆ ತೊಡೆಯ ಮೇಲ್ಭಾಗಕ್ಕೇ ನಿಂತಿದ್ದರೆ ಸಾಮಾನ್ಯವಾಗಿ ಅದು ಬಿಗಿದ ಸ್ನಾಯು. ಮಂಡಿ ದಾಟಿ ಕರೆಂಟ್ ಹೊಡೆದಂತೆ ಪಾದಕ್ಕೆ ಇಳಿಯುತ್ತಿದ್ದರೆ, ಕೆಮ್ಮಿದಾಗ ಕಾಲಿಗೇ ಚುಳುಕ್ಕೆನ್ನುತ್ತಿದ್ದರೆ, ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿ ನರದ ಬೇರನ್ನು ಕೆರಳಿಸಿರುವ ಸಾಧ್ಯತೆ ಹೆಚ್ಚು. ಸಯಾಟಿಕಾ ಅನ್ನುವುದು ಇದಕ್ಕೇ. ಪಾದದ ಮೇಲ್ಭಾಗ, ಹೆಬ್ಬೆರಳು ಜೋಮು ಹಿಡಿದರೆ ಕೆರಳಿರುವುದು ಸೊಂಟದ ಐದನೇ ನರದ ಬೇರು, ಅಂದರೆ ಎಲ್5. ಕಿರುಬೆರಳು, ಪಾದದ ಹೊರ ಅಂಚು ಆದರೆ ಅದರ ಕೆಳಗಿನ ಬೇರು, ಎಸ್1. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿ. ಒಂದು ಕಾಲು ಸೋತರೆ ಬರೀ ನೋವಲ್ಲ, ಬಲವೂ ಕುಂದಿದೆ. ತಡಮಾಡದೆ ವೈದ್ಯರಿಗೆ ತೋರಿಸಿ.

ಸ್ನಾಯು ಹಿಡಿತಕ್ಕೆ ಮದ್ದು ಸರಳ. ನೆಲದ ಮೇಲೆ ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ ಇರಿ. ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ 15–20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ ಶಾಖ ಕೊಡಿ. ಹಾಸಿಗೆಯಿಂದ ಏಳುವಾಗ ನೆಟ್ಟಗೆ ಏಳಬೇಡಿ: ಮಂಡಿ ಮಡಚಿ, ಮಗ್ಗುಲಿಗೆ ಹೊರಳಿ, ಕಾಲು ಮಂಚದಿಂದ ಇಳಿಬಿಟ್ಟು, ಕೈಯೂರಿ ಎದ್ದು ಕೂರಿ. ಹಾಸಿಗೆ ಹಿಡಿದು ದಿನಗಟ್ಟಲೆ ಮಲಗಿದಷ್ಟೂ ಬಿಗಿತ ಹೆಚ್ಚುತ್ತದೆ. ಗಂಟೆಗೊಮ್ಮೆ ಐದು ನಿಮಿಷ ಮನೆಯೊಳಗೇ ಓಡಾಡಿ. ಐಬುಪ್ರೊಫೆನ್ 400 ಮಿ.ಗ್ರಾಂ. ಊಟವಾದ ಮೇಲೆ, ದಿನಕ್ಕೆ ಮೂರು ಸಲದೊಳಗೆ, ಮೂರ್ನಾಲ್ಕು ದಿನ ಸಾಕು. ಹೊಟ್ಟೆ ಹುಣ್ಣು, ಕಿಡ್ನಿ ಅಥವಾ ಹೃದ್ರೋಗ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ತಾವಾಗಿ ತೆಗೆದುಕೊಳ್ಳಲೇಬಾರದು.

ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಹಿಡಿತ ಬಿಡುತ್ತದೆ ಅನ್ನುವವರಿದ್ದಾರೆ. ಎಷ್ಟೋ ಹಿಡಿತಗಳು ಕೆಲವೇ ದಿನಗಳಲ್ಲಿ ತಾವಾಗಿ ಬಿಡುತ್ತವೆ, ಹೆಸರು ಒದ್ದವರಿಗೆ! ಡಿಸ್ಕ್ ಉಬ್ಬಿದ್ದರೆ ಈ ಪ್ರಯೋಗ ಬೇಡವೇ ಬೇಡ.

ನರದ ನೋವಿನಲ್ಲಿ ಮಾಡುವ ದೊಡ್ಡ ತಪ್ಪು, ತೊಡೆಯ ಹಿಂಭಾಗ ಬಿಗಿದಿದೆಯೆಂದು ಬಗ್ಗಿ ಕಾಲ್ಬೆರಳು ಮುಟ್ಟಲು ಹೋಗುವುದು. ಎಳೆತಕ್ಕೆ ಸಿಗುವುದು ಸ್ನಾಯುವಲ್ಲ, ಮೊದಲೇ ಕೆರಳಿದ ನರ. ಬದಲಿಗೆ ಬೋರಲು ಮಲಗಿ, ಸೊಂಟ ನೆಲದಲ್ಲೇ ಬಿಟ್ಟು, ಕೈಯೂರಿ ಎದೆಯನ್ನಷ್ಟೇ ನಿಧಾನ ಎತ್ತಿ ಇಳಿಸಿ, ಹತ್ತು ಸಲ. ನೋವು ಪಾದ ಬಿಟ್ಟು ಮೇಲೆ ಸರಿದು ಸೊಂಟಕ್ಕೆ ಬಂದರೆ, ಸೊಂಟದಲ್ಲಿ ತುಸು ಹೆಚ್ಚಾದರೂ ಅದು ಒಳ್ಳೆಯ ಸೂಚನೆ. ಕೆಳಗಿಳಿದರೆ ಅಲ್ಲಿಗೇ ನಿಲ್ಲಿಸಿ.

ಡಿಸ್ಕಿನ ನೋವು ಬಹುಪಾಲು ಜನರಿಗೆ 6–12 ವಾರಗಳಲ್ಲಿ ತಗ್ಗುತ್ತದೆ. ಮೊದಲ ವಾರವೇ ಎಂಆರ್‌ಐಗೆ ಓಡಿದರೆ ಗಾಬರಿಯೇ ಲಾಭ. ನೋವೇ ಇಲ್ಲದ ನಲವತ್ತರ ಆಸುಪಾಸಿನವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ.

ಆದರೆ ಮೂತ್ರ ಕಟ್ಟಿದರೆ, ಗೊತ್ತಾಗದಂತೆ ಮೂತ್ರ ಹೊರಟುಹೋದರೆ, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ ಬೆಳಗಾಗುವುದಕ್ಕೆ ಕಾಯಬೇಡಿ, ಆಗಲೇ ದೊಡ್ಡಾಸ್ಪತ್ರೆಗೆ ಹೊರಡಿ. ಬೆನ್ನುಮೂಳೆಯ ಕೆಳತುದಿಯ ನರಗಳ ಗೊಂಚಲು ಅಲ್ಲಿ ಅದುಮಿಹೋಗಿರಬಹುದು. ಶಸ್ತ್ರಚಿಕಿತ್ಸೆ ತಡವಾದರೆ ಹೋದ ಹತೋಟಿ ಮರಳದೆಯೂ ಇರಬಹುದು.